ಬಾಯಿಂದಲೇ ಹಾಡುತ್ತೇನೆ ಎಂದವಳು

ನಮ್ಮೂರಿನಲ್ಲಿ ಕೆಲಸ ಕೇಳಿಕೊಂಡು ಹೋದವರನ್ನು "ಈ ಕೆಲಸ ಬರುತ್ತಾ?" ಎಂದು ಯಾರೂ ಕೇಳುವುದಿಲ್ಲ. "ಈ ಕೆಲಸಕ್ಕೆ ಬೇಡವಾದದ್ದು ಏನೇನು ಓದಿದ್ದೀರಿ?" ಎಂದು ಕೇಳುತ್ತಾರೆ. ಹೆಚ್ಚು ಓದಿದವರಿಗೆ ಚಿಕ್ಕ ಕೆಲಸ, ಇನ್ನೂ ಹೆಚ್ಚು ಓದಿದವರಿಗೆ ಇನ್ನೂ ಚಿಕ್ಕ ಕೆಲಸ. ಯಾಕೆಂದರೆ ಇಲ್ಲಿ ಬಳಸದೆ ಬಿಟ್ಟ ವಿದ್ಯೆ ತಲೆಯೊಳಗೆ ತೆಪ್ಪಗೆ ಕೂರುವುದಿಲ್ಲ. ಸೋರಿಹೋಗಿ ಹತ್ತಿರ ಇದ್ದದ್ದಕ್ಕೆ ಹತ್ತಿಕೊಳ್ಳುತ್ತದೆ. ಕಾನೂನು ಓದಿದ ಸರಸಿಜ ಶಿಶುವಿಹಾರದಲ್ಲಿ ಆಯಾ ಆಗಿದ್ದಾಳೆ. ಅಲ್ಲಿನ ಮಕ್ಕಳು ಹಲ್ಲು ಪೂರ್ತಿ ಬರುವ ಮೊದಲೇ "ನಾನು ಕಚ್ಚಿದ್ದಕ್ಕೆ ಸಾಕ್ಷಿ ಯಾರು?" ಎಂದು ಕೇಳುತ್ತವೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವರೊಬ್ಬರು ದಿನಸಿ ಅಂಗಡಿಯಲ್ಲಿ ತೂಕ ಹಾಕುತ್ತಾರೆ. ಆ ತಕ್ಕಡಿ ಒಂದು ಕಿಲೋ ಬೇಳೆ ಹಾಕಿದರೂ ಇದು ನಿಜವಾಗಿ ಒಂದು ಕಿಲೋನೇ ಹೌದೇ ಎಂದು ತೂಗಾಡುತ್ತಾ ಯೋಚಿಸುತ್ತದೆ. ಗಿರಾಕಿಗಳು ಮನೆಯಿಂದಲೇ ಮಣೆ ತಂದು ಹಾಕಿಕೊಂಡು ಕಾಯುತ್ತಾರೆ. ವೀಳ್ಯದೆಲೆ ಅಂಗಡಿಯೊಂದರ ಮುಂದೆ "ಆಳು ಬೇಕಾಗಿದೆ, ಖಗೋಳಶಾಸ್ತ್ರ ಓದಿದವರಿಗೆ ಆದ್ಯತೆ" ಎಂಬ ಹಲಗೆ ತೂಗುಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಹೆಸರು ವನಜಾಕ್ಷಿ. ನನ್ನ ತವರಿನ ಕಡೆ ವಿದ್ಯೆ ಎನ್ನುವುದು ಕಲಿತವರ ಬಾಯಲ್ಲೋ ಕೈಯಲ್ಲೋ ಇರುತ್ತಿತ್ತು. ಸಂಗೀತದಲ್ಲಿ ವಿದ್ವತ್ ಮುಗಿಸಿ, ಚಿನ್ನದ ಪದಕ ಕೊರಳಿಗೆ ಹಾಕಿಸಿಕೊಂಡು ಬಂದ ನನಗೆ ಇಲ್ಲಿಯ ಪದ್ಧತಿ ತಲೆಗೆ ಇಳಿಯಲು ಸ್ವಲ್ಪ ಕಾಲ ಹಿಡಿಯಿತು. ಗಂಡ ರೈಲಿನಲ್ಲಿ ಗಾರ್ಡು, ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಮನೆಯಲ್ಲಿ ನಾನು, ನನ್ನ ಅತ್ತೆ, ಇಬ್ಬರೇ. ಹೊಸ ಸೊಸೆ ಎಂಬ ಸಂಕೋಚಕ್ಕೆ ಹಾಡದೆ ಸುಮ್ಮನಿದ್ದೆ. ಒಂದು ದಿನ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದುಕೊಂಡು ಬಂದು ನನ್ನ ಕಿವಿಗೆ ಹಿಡಿದರು. ಸೌಟು ಸಣ್ಣಗೆ ಗುನುಗುತ್ತಿತ್ತು. "ಕೇಳಿಸ್ತಾ? ಸಾರು ಬಗ್ಗಿಸಿದ್ರೆ ತಾನ ಹಾಕುತ್ತೆ. ಎಲ್ಲಾದ್ರೂ ಕೆಲಸಕ್ಕೆ ಹೋಗೇ ತಾಯಿ, ನಿನ್ನ ವಿದ್ಯೆ ಅಲ್ಲೆಲ್ಲಾದ್ರೂ ಸೋರಲಿ" ಎಂದರು.

ಹಾಗೆ ಹೋಗಿ ಸೇರಿದ್ದು ವೃಷಭೇಂದ್ರಪ್ಪನವರ ಸೀರೆ ಅಂಗಡಿ. ಗಿರಾಕಿಗಳು ಬಿಚ್ಚಿ ಹಾಕಿದ ಸೀರೆಗಳನ್ನು ಮತ್ತೆ ಮಡಚಿಡುವ ಕೆಲಸ. "ಮಡಚೋಕೆ ಚೆನ್ನಾಗಿ ಬರುತ್ತೆ ಯಜಮಾನ್ರೇ" ಎಂದೆ. "ಅದು ಬಿಡಮ್ಮ, ಮಡಚೋದು ಯಾರಿಗೆ ಬರಲ್ಲ. ಬೇಡದ್ದು ಏನು ಬರುತ್ತೆ, ಅದು ಹೇಳು" ಎಂದರು. ಹೇಳಿದೆ. ಅವರು ಗಾದಿಯಿಂದ ಎದ್ದು ನಿಂತು, ಎರಡೂ ಕೈ ಜೋಡಿಸಿ, "ನಾಳೆಯಿಂದಲೇ ಬಂದ್ಬಿಡು ತಾಯಿ" ಎಂದರು. ಅಷ್ಟು ಮರ್ಯಾದೆ ಕೊಟ್ಟು ಅಷ್ಟು ಸಣ್ಣ ಕೆಲಸ ಕೊಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೆಲವೇ ದಿನಗಳಲ್ಲಿ ಸೀರೆಗಳು ಹಾಡತೊಡಗಿದವು. ಮಡಿಕೆ ಬಿಚ್ಚಿದೊಡನೆ ಒಂದೊಂದು ಸೀರೆಯಿಂದ ಒಂದೊಂದು ರಾಗ, ಎಳೆ ಎಳೆಯಾಗಿ, ಒಂದು ಸ್ವರವೂ ಅತ್ತಿತ್ತ ಜರುಗದಂತೆ. ಊರಿನ ಹೆಂಗಸರು ಮುಗಿಬಿದ್ದರು. "ಹಸಿರು ಅಂಚಿನ ಕಲ್ಯಾಣಿ ತೋರ್ಸಿ", "ಮಗಳಿಗೆ ಮೋಹನದಲ್ಲಿ ಯಾವ್ದಾದ್ರೂ ತಿಳಿ ಬಣ್ಣ ಇದೆಯಾ?", ಇದೇ ಮಾತು. ಎಡವಟ್ಟುಗಳೂ ಆಗದೆ ಇರಲಿಲ್ಲ. ಒಬ್ಬಳು ಮದುವಣಗಿತ್ತಿ ಬಣ್ಣ ಚೆನ್ನಾಗಿದೆಯೆಂದು ನೀಲಾಂಬರಿಯ ಧಾರೆ ಸೀರೆ ಉಟ್ಟು, ಹಸೆಮಣೆಯ ಮೇಲೆಯೇ ಗಾಢವಾಗಿ ನಿದ್ದೆ ಹೋದಳು. ಸೋದರಮಾವ ಹಿಂದಿನಿಂದ ತಲೆ ಹಿಡಿದುಕೊಂಡು ಕೂತು ಮಾಂಗಲ್ಯ ಕಟ್ಟಿಸಿದ. ಇನ್ನೊಬ್ಬರು ಮುಖಾರಿ ಸೀರೆ ಉಟ್ಟು ನಾಮಕರಣಕ್ಕೆ ಹೋಗಿ, ತೊಟ್ಟಿಲ ಸುತ್ತ ನಿಂತವರನ್ನೆಲ್ಲ ಅಳಿಸಿ ಬಂದರು. ಆಮೇಲೆ ಜನ ಹುಷಾರಾದರು. ಯಾವ ಸಮಾರಂಭಕ್ಕೆ ಯಾವ ರಾಗ ಎಂದು ಹೆಂಗಸರಿಗೆಲ್ಲ ಬಾಯಿಪಾಠವಾಯಿತು. ಬೀಗಿತ್ತಿಯರು ಒಟ್ಟಿಗೆ ಕೂರುವ ಮೊದಲು ಸೆರಗಿಗೆ ಸೆರಗು ಹಿಡಿದು ಹೊಂದುತ್ತದೆಯೇ ಎಂದು ಕೇಳಿನೋಡುವ ಪದ್ಧತಿಯೂ ಬಂತು. ವೃಷಭೇಂದ್ರಪ್ಪನವರ ಹೊಟ್ಟೆ ಒಂದು ಸುತ್ತು ದೊಡ್ಡದಾಯಿತು.

ನನಗೆ ಮಾತ್ರ ಹೊಟ್ಟೆಯೊಳಗೆ ಕೆಂಡ. ದಿನಾ ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಶುರು ಮಾಡುತ್ತಿದ್ದೆ. "ಚಿನ್ನದ ಪದಕ ಇಟ್ಕೊಂಡು ಸೀರೆ ಮಡಚೋದಾ ಅತ್ತೆ! ನಮ್ಮ ಗುರುಗಳು ನೋಡಿದ್ರೆ ಎದೆ ಒಡ್ಕೊಳ್ಳೋರು." ಅತ್ತೆ ಅವರೆಕಾಯಿ ಸುಲಿಯುತ್ತಲೇ, "ಅಷ್ಟು ಉರಿ ಇದ್ರೆ ಇಲ್ಲೇ ಕೂತು ಹಾಡೇ. ನಾನು ಕೇಳ್ತೀನಿ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಹಾಡುವುದಕ್ಕೆ ಚಿನ್ನದ ಪದಕ ಬೇಕೇ? ವೇದಿಕೆ ಇರಬೇಕು, ಪಕ್ಕವಾದ್ಯ ಇರಬೇಕು, ಮುಂದೆ ತಿಳಿದವರು ಕೂತಿರಬೇಕು. ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ ಎಂದು ನಾನು ಹಟ ಹಿಡಿದುಬಿಟ್ಟಿದ್ದೆ. ಮದುವೆಯಾದಾಗಿನ ಸಂಕೋಚ ಯಾವಾಗ ಜಂಬವಾಗಿ ತಿರುಗಿತೋ ನನಗೇ ಗೊತ್ತಾಗಲಿಲ್ಲ. ಹಾಗೇ ಹನ್ನೊಂದು ವರ್ಷ ಕಳೆಯಿತು.

ಊರಿನಲ್ಲಿ ಒಂದು ಸಂಗೀತ ಸಭೆ ಇದೆ, ಅದಕ್ಕೊಂದು ಪಾಠಶಾಲೆಯೂ ಇದೆ. ಅಲ್ಲಿ ಮೇಷ್ಟ್ರ ಕುರ್ಚಿಯಲ್ಲಿ ಕೂರುತ್ತಿದ್ದವನು ಮುದ್ದುಕೃಷ್ಣ. ಅವನಿಗೆ ಷಡ್ಜ ಯಾವುದು, ಪಂಚಮ ಯಾವುದು, ಅಂಬಾ ಎನ್ನುವ ಹಸು ಯಾವುದು, ಒಂದೂ ಗೊತ್ತಿರಲಿಲ್ಲ. ಸಭೆಯ ಅಧ್ಯಕ್ಷರಾದ ರಂಗಧಾಮಯ್ಯನವರ ಹೆಂಡತಿಯ ತಮ್ಮ ಎನ್ನುವುದಷ್ಟೇ ಅವನ ಅರ್ಹತೆ. ನಿಜವಾದ ವಿದ್ವಾಂಸರು ಅನಂತಯ್ಯನವರು. ಅವರು ಪಾಠಶಾಲೆಯ ಕಸ ಗುಡಿಸುತ್ತಿದ್ದರು. ಅವರ ವಿದ್ಯೆಯೆಲ್ಲ ಮೂಲೆಯಲ್ಲಿದ್ದ ತಂಬೂರಿಗೆ ಸೋರಿ, ತಂಬೂರಿ ತಾನಾಗಿ ಹಾಡುತ್ತಿತ್ತು. ವಿದ್ಯಾರ್ಥಿಗಳು ಅದರ ಮುಂದೆ ಕೂತು, ತಲೆ ಅಲ್ಲಾಡಿಸಿ, ಕಣ್ಣೀರು ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆದರೆ ಅನಂತಯ್ಯನವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಪರವೂರಿಗೆ ಹೋದವರು, ಮೊಮ್ಮಗುವಿನ ಮುಖ ನೋಡಿ ಅಲ್ಲೇ ಉಳಿದುಬಿಟ್ಟರು. ತಂಬೂರಿ ಮೂಕವಾಯಿತು.

ಒಂದು ಮಧ್ಯಾಹ್ನ ರಂಗಧಾಮಯ್ಯನವರು ಕೊಡೆ ಮಡಚುತ್ತಾ ಸೀರೆ ಅಂಗಡಿಗೆ ಬಂದರು. ವೃಷಭೇಂದ್ರಪ್ಪನವರು ಹೆಂಡತಿಗೆ ಸೀರೆ ಬೇಕೇನೋ ಎಂದು ಒಂದು ಹಿಂದೋಳ ಬಿಚ್ಚಿದರು. ಅಧ್ಯಕ್ಷರು ಅದನ್ನು ಕಣ್ಣು ಮುಚ್ಚಿ ಕೇಳಿ, "ಏನು ಶುದ್ಧ, ಏನು ಶುದ್ಧ!" ಎಂದು ಗದ್ಗದರಾಗಿ ನನ್ನ ಕಡೆ ತಿರುಗಿದರು. "ವನಜಾಕ್ಷಮ್ಮ, ಸಭೆ ನಿಮ್ಮನ್ನ ಸರ್ವಾನುಮತದಿಂದ ಆರಿಸಿದೆ. ಪಾಠಶಾಲೆಗೆ ನೀವೇ ಬರಬೇಕು."

ಕೊನೆಗೂ ಬಂತಲ್ಲಪ್ಪ ಎಂದುಕೊಂಡೆ. "ಪಾಠ ಯಾವಾಗಿಂದ ಶುರು ಮಾಡ್ಲಿ ಸರ್?" ಎಂದೆ.

"ಪಾಠ ಅಲ್ಲಮ್ಮ. ಪಾಠದ ಕುರ್ಚೀಲಿ ಮುದ್ದು ಇದ್ದಾನಲ್ಲ. ನಿಮ್ಗೆ ಪೊರಕೆ. ಅನಂತಯ್ಯನವರ ಜಾಗ! ಊರಿನಲ್ಲಿ ಇನ್ಯಾರಿಗೂ ಈ ಗೌರವ ಸಿಕ್ಕಿಲ್ಲ."

ಹನ್ನೊಂದು ವರ್ಷದ ಕೆಂಡ ಒಮ್ಮೆಗೇ ಧಗ್ಗೆಂದಿತು. ಕೈಯಲ್ಲಿದ್ದ ಸೀರೆಯನ್ನು ಮುದ್ದೆ ಮಾಡಿ ಗಾದಿಯ ಮೇಲೆ ಒಗೆದೆ. "ಪೊರಕೆ ಬೇಡ, ನನಗೆ ಕುರ್ಚಿ ಕೊಡಿ. ನಾನು ಪಾಠ ಮಾಡ್ತೀನಿ" ಎಂದೆ.

ರಂಗಧಾಮಯ್ಯನವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ, ಪಾಪ. "ಕುರ್ಚೀಲಿ ಕೂತ್ರೆ ನಿಮ್ಮ ವಿದ್ಯೆ ಸೋರೋದಿಲ್ವಲ್ಲಮ್ಮ? ಆಮೇಲೆ ಹಾಡೋರು ಯಾರು?"

"ನಾನೇ ಹಾಡ್ತೀನಿ."

"ನೀವು ಅಂದ್ರೆ, ಯಾತರಿಂದ?"

"ಬಾಯಿಂದ!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮಗುವಿಗೆ ಜೋಗುಳ ಹೇಳುವುದು, ಹಸೆಗೆ ಕರೆಯುವಾಗ ಒಂದು ಪದ ಹೇಳುವುದು, ಇಷ್ಟೇ ಈ ಊರಿನ ಬಾಯಿಗಳಿಗೆ ಗೊತ್ತಿದ್ದದ್ದು. ದೊಡ್ಡ ವಿದ್ಯೆ ಬಾಯಿಂದ ಬರುತ್ತದೆ ಎಂದರೆ ಅನ್ನ ಮೂಗಿನಿಂದ ಉಣ್ಣುತ್ತೇನೆ ಎಂದ ಹಾಗೆ ಕೇಳಿಸಿತು ಅವರಿಗೆ. ಅಧ್ಯಕ್ಷರು ಗಲ್ಲ ಕೆರೆದುಕೊಂಡು ಯೋಚಿಸಿದರು. ಮನುಷ್ಯ ಕೆಟ್ಟವರಲ್ಲ, ಪದ್ಧತಿ ಬಿಟ್ಟು ಬದುಕಿ ಗೊತ್ತಿಲ್ಲ, ಅಷ್ಟೆ. "ಆಗ್ಲಿ. ಬರೋ ಹುಣ್ಣಿಮೆಗೆ ಸಭಾಭವನದಲ್ಲಿ ಎಲ್ಲರ ಮುಂದೆ ಹಾಡಿ. ಚೆನ್ನಾಗಿದ್ರೆ ಕುರ್ಚಿ ನಿಮ್ಮದು. ಇಲ್ದಿದ್ರೆ ಮಾತಾಡದೆ ಪೊರಕೆ ಹಿಡೀಬೇಕು. ಒಪ್ಪಿಗೇನಾ?" ಎಂದರು. "ಒಪ್ಪಿಗೆ" ಎಂದೆ, ಮೂಗು ಮೇಲೆತ್ತಿಕೊಂಡು.

ಮನೆಗೆ ಓಡಿ ಬಂದು ಅತ್ತೆಗೆ ಹೇಳಿದೆ. ಅವರೂ ಖುಷಿಯಾಗಿ ಕೈ ಒರೆಸಿಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ಕೂತರು. "ಹಾಡು ಹಂಗಾದ್ರೆ. ಇಷ್ಟು ವರ್ಷ ಆಯ್ತು, ಸೊಸೆ ಗಂಟಲು ಹೆಂಗಿದೆ ಅಂತ ನಾನೂ ಕೇಳಿಲ್ಲ." ನಾನು ಚಕ್ಕಂಬಕ್ಕಳ ಹಾಕಿ, ಕಣ್ಣು ಮುಚ್ಚಿ, ಷಡ್ಜ ಹಿಡಿದೆ. ಒಂದು ರೀತಿ ಬಂತು. ಗಾಂಧಾರಕ್ಕೆ ಹೋದೆ, ಸ್ವರ ಜಾರಿತು. ಪಂಚಮಕ್ಕೆ ಹತ್ತಿದೆ, ಹಳೆಯ ಬಾಗಿಲು ತೆಗೆದ ಹಾಗೆ ಕಿರ್ರೆಂದಿತು. ಮತ್ತೆ ಹಿಡಿದೆ, ಮತ್ತೆ ಕಿರ್ರೆಂದಿತು. ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

ಅತ್ತೆ ನಕ್ಕಿದ್ದರೆ ಚೆನ್ನಾಗಿತ್ತು. ಅವರು ನಗಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ನಾನು ದೊಡ್ಡ ಗಾಯಕಿ, ಊರಿಗೇ ನನ್ನ ಬೆಲೆ ಗೊತ್ತಿಲ್ಲ ಎಂದು ಅಷ್ಟು ವರ್ಷ ಉರಿದುಕೊಂಡಿದ್ದೆನಲ್ಲ, ಅಷ್ಟು ವರ್ಷವೂ ಹಾಡಿದ್ದು ಸೀರೆಗಳು. ನನ್ನ ಗಂಟಲು ಹಾಡಿರಲಿಲ್ಲ. ಅವತ್ತು ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅತ್ತೆ ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇನ್ನು ನೆಲದ ಮಾತು ಬಿಡು. ಬೆಳಿಗ್ಗೆ ಬೇಗ ಎದ್ದು ಹಿತ್ತಲಲ್ಲಿ ಕೂತು ಕಿರುಚ್ಕೊ. ಹುಣ್ಣಿಮೆಗೆ ಇನ್ನೂ ದಿನ ಇದೆ" ಎಂದರು.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನನ್ನ ಸಾಧನೆ ಶುರುವಾಯಿತು. ಕೋಳಿ ಕೂಗುವ ಮೊದಲೇ ಕೂಗುತ್ತಿದ್ದೆ. ಹಾಗಾಗಿ ಕೋಳಿ ತಾನು ಬೇರೆ ಯಾಕೆ ಎಂದು ಸುಮ್ಮನಾಯಿತು. ಅತ್ತೆ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಒಂದೂ ಸರಿಯಾಗಿ ಬೀಳುತ್ತಿರಲಿಲ್ಲ, ಆದರೂ ಹಾಕುತ್ತಿದ್ದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರು. "ನನ್ನ ಸೊಸೆ ಬಾಯಿಂದ ಹಾಡ್ತಿದ್ದಾಳೆ" ಎಂದು ಅತ್ತೆ ಉತ್ತರ ಕೊಟ್ಟರು, ಊರಲ್ಲಿ ಬೇರೆ ಯಾರ ಸೊಸೆಯೂ ಮಾಡದ ಕೆಲಸ ಎನ್ನುವ ಠೀವಿಯಲ್ಲಿ. ದಿನ ಕಳೆದ ಹಾಗೆ ಪಂಚಮದ ಕಿರಕಿರಿ ಹೋಯಿತು. ಧೈವತ ಸ್ವಲ್ಪ ಸ್ವಲ್ಪ ಮಾತು ಕೇಳತೊಡಗಿತು. ಮೇಲಿನ ಷಡ್ಜ ಮಾತ್ರ ಜಪ್ಪಯ್ಯ ಎಂದರೂ ಸಿಕ್ಕಲಿಲ್ಲ.

ಇತ್ತ ಅಂಗಡಿಯಲ್ಲಿ ಸೀರೆಗಳಿಗೆ ಗಂಟಲು ಕಟ್ಟಿತು. ನನ್ನ ವಿದ್ಯೆ ನನಗೇ ಖರ್ಚಾಗುತ್ತಿದ್ದರೆ ಅವಕ್ಕೆ ಸೋರುವುದೆಲ್ಲಿಂದ ಬರಬೇಕು? ಮೊದಲು ತಾನಗಳು ಹೋದವು, ಆಮೇಲೆ ರಾಗ ಹೋಗಿ ಬರೀ ಗುಂಯ್ ಎನ್ನುವ ಶ್ರುತಿ ಉಳಿಯಿತು. ಮದುವೆಯ ಕಾಲ ಬೇರೆ. ಬೀಗರಿಗೆ ಕೊಡಲು ಆನಂದಭೈರವಿ ಕೇಳಿಕೊಂಡು ಬಂದವರು ಸೀರೆ ಕಿವಿಗೆ ಹಿಡಿದು, ಅಲ್ಲಾಡಿಸಿ, ಮುಖ ಸಿಂಡರಿಸಿಕೊಂಡು ಎದ್ದು ಹೋದರು. ವೃಷಭೇಂದ್ರಪ್ಪನವರು ನನ್ನನ್ನು ಕರೆದು ಕೂರಿಸಿ, ಬೈಯಲಿಲ್ಲ, ಅಂಗಲಾಚಿದರು. "ವನಜಮ್ಮ, ನಿನ್ನ ಕಷ್ಟ ನನಗೆ ಗೊತ್ತಾಗ್ದೆ ಇಲ್ಲ. ಒಂದು ಮಾತು ಹೇಳ್ತೀನಿ ಕೇಳು. ಸುಮ್ನೆ ಪೊರಕೆ ಒಪ್ಕೊಂಡ್ಬಿಡು. ಬೆಳಿಗ್ಗೆ ಅಲ್ಲಿ ಗುಡ್ಸು, ಮಧ್ಯಾಹ್ನ ಇಲ್ಲಿ ಮಡಚು. ತಂಬೂರಿನೂ ಹಾಡುತ್ತೆ, ಸೀರೆನೂ ಹಾಡುತ್ತೆ. ಊರೆಲ್ಲ ನಿನ್ನ ಹೊಗಳುತ್ತೆ. ಅಲ್ಲಿ ಹೋಗಿ ಎಲ್ಲರ ಮುಂದೆ ತಪ್ಪಿದ್ರೆ? ಇಷ್ಟು ದಿನದ ಹೆಸರು ಮಣ್ಣುಪಾಲಾಗಲ್ವಾ?"

ಸುಳ್ಳು ಯಾಕೆ ಹೇಳಲಿ, ಆ ಮಾತು ನನಗೆ ಹಾಲು ಕುಡಿದ ಹಾಗಾಯಿತು. ಪೊರಕೆ ಹಿಡಿದರೆ ನಾನು ಸಾಯುವವರೆಗೂ ಮಹಾವಿದುಷಿ. ನನ್ನ ಪಂಚಮ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಗೊಣಗುವುದಕ್ಕೆ ಕಾರಣವೂ ಇರುತ್ತದೆ, ಚಿನ್ನದ ಪದಕವೂ ಹೊಳೆಯುತ್ತಿರುತ್ತದೆ. ಮನೆಗೆ ಬಂದು ಅತ್ತೆಗೆ, "ಯಜಮಾನ್ರು ಹೇಳಿದ್ದೂ ಸರಿ ಅನ್ಸುತ್ತೆ" ಎಂದೆ. ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ಕೇರುವುದನ್ನು ನಿಲ್ಲಿಸಲೂ ಇಲ್ಲ. "ಹಂಗೇ ಮಾಡು. ಆದ್ರೆ ಒಂದು. ನಾಳೆಯಿಂದ ನನ್ನ ಹತ್ರ ಬಂದು ಓದಿದ್ದು ಅಷ್ಟು, ಮಾಡೋದು ಇಷ್ಟು ಅಂತ ಅತ್ರೆ ನಿನಗೆ ಅನ್ನ ಇಕ್ಕಲ್ಲ. ಈ ಹಾಡನ್ನ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ" ಎಂದರು. ಮರುದಿನ ಮತ್ತೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಹುಣ್ಣಿಮೆಯ ಸಂಜೆ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಯಿಂದ ಹಾಡುತ್ತಾರಂತೆ ಎಂದು ಪಕ್ಕದ ಹಳ್ಳಿಗಳಿಂದಲೂ ಬಂದಿದ್ದರು. ತಂಬೂರಿ ಈಗ ತಾನಾಗಿ ನುಡಿಯುತ್ತಿರಲಿಲ್ಲವಾದ್ದರಿಂದ ಮುದ್ದುಕೃಷ್ಣನನ್ನೇ ಮೀಟಲು ಕೂರಿಸಿದರು. ಮುಟ್ಟಿದರೆ ಮುರಿದೀತು ಎನ್ನುವ ಹಾಗೆ ಅವನು ಹೆದರಿ ಹೆದರಿ ಮೀಟಿದ. ವೇದಿಕೆಯ ಪಕ್ಕದ ಗೋಡೆಗೆ ಹೊಸ ಪೊರಕೆಯೊಂದನ್ನು ಒರಗಿಸಿಟ್ಟಿದ್ದರು. ಅದಕ್ಕೆ ಅರಿಶಿನ ಕುಂಕುಮ ಬೇರೆ ಹಚ್ಚಿದ್ದರು. ನಾನು ಸೋಲುತ್ತೇನೆ ಎಂದು ಹಾಗೆ ಮಾಡಿದ್ದಲ್ಲ, ಗೌರವಕ್ಕೇ ಮಾಡಿದ್ದು, ನನಗೆ ಗೊತ್ತು. ಆದರೂ ಅದು ಕಣ್ಣಿಗೆ ಬೀಳದ ಹಾಗೆ ಸ್ವಲ್ಪ ತಿರುಗಿ ಕೂತೆ.

ಮೋಹನ ಶುರು ಮಾಡಿದೆ. ಎಲ್ಲಿ ನೋಡಬೇಕು ಎಂದು ಜನಕ್ಕೆ ಗೊತ್ತಾಗಲಿಲ್ಲ. ಅಭ್ಯಾಸಬಲದಿಂದ ಕೆಲವರು ತಂಬೂರಿಯನ್ನೇ ದಿಟ್ಟಿಸಿದರು, ಒಬ್ಬರು ಕಂಬಕ್ಕೆ ಕಿವಿ ಹಚ್ಚಿದರು, ಒಬ್ಬ ಮುದುಕರು ಬಗ್ಗಿ ವೇದಿಕೆಯ ಕೆಳಗೆ ಏನಾದರೂ ಇದೆಯೇ ಎಂದು ನೋಡಿದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ ನಿಂತವು. ಗಾಂಧಾರ ಚೆನ್ನಾಗಿ ನಿಂತಿತು. ಪಂಚಮ ಸರಿಯಾಗಿ ಬಂತು. ಎದುರಿಗೆ ಕೂತಿದ್ದ ಅತ್ತೆ ತೊಡೆಯ ಮೇಲೆ ತಪ್ಪು ತಪ್ಪು ತಾಳ ಹಾಕುತ್ತಾ ಹಲ್ಲು ಬಿಟ್ಟು ನಗುತ್ತಿದ್ದರು. ನನಗೆ ಧೈರ್ಯ ಬಂತು. ಧೈವತದಿಂದ ಮೇಲಿನ ಷಡ್ಜಕ್ಕೆ ಕೈ ಹಾಕಿದೆ, ಸ್ವರ ಒಡೆದುಹೋಯಿತು.

ಈ ಊರಿನವರು ವಿದ್ಯೆ ಒಡೆಯುವುದನ್ನು ಕಂಡೇ ಇರಲಿಲ್ಲ. ಸೀರೆ ತಪ್ಪಿದ್ದಿಲ್ಲ, ತಂಬೂರಿ ತಪ್ಪಿದ್ದಿಲ್ಲ. ಕೆಲವರು ನನಗೇನೋ ಆಯಿತು ಎಂದುಕೊಂಡು ನೀರು ತರಲು ಎದ್ದರು. ಎದ್ದು ಓಡಿಬಿಡೋಣ ಎನ್ನಿಸಿತು. ಆದರೆ ಓಡಿ ಹೋಗಿ ಮಾಡುವುದೇನು, ಮತ್ತೆ ಅದೇ ಮಡಿಕೆ, ಅದೇ ಗೊಣಗಾಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ವಿದ್ಯೆ ನನ್ನ ಗಂಟಲಲ್ಲಿತ್ತು, ಒಡಕೋ ಬಡಕೋ ನನ್ನದೇ. "ಮತ್ತೆ ಹೇಳ್ತೀನಿ" ಎಂದು ಜೋರಾಗಿಯೇ ಹೇಳಿ, ಕೆಳಗಿನಿಂದ ಹತ್ತಿದೆ. ಮತ್ತೆ ಒಡೆಯಿತು. ಇನ್ನೊಮ್ಮೆ ಹತ್ತಿದೆ. ಈ ಸಲ ಅದು ಸಿಕ್ಕಿತು, ಸಣ್ಣಗೆ, ನಡುಗುತ್ತಾ, ಆದರೆ ಸರಿಯಾದ ಜಾಗದಲ್ಲಿ ಬಂದು ನಿಂತಿತು.

ಹಿಂದಿನ ಸಾಲಿನಿಂದ ಒಂದು ಧ್ವನಿ ಕೂಗಿತು. "ಅಯ್ಯೋ ಶಿವನೇ! ತಪ್ಪಿತ್ತು, ಈಗ ಸರಿ ಮಾಡ್ಕೊಂಡ್ಳು ನೋಡ್ರೇ!" ಹಿಟ್ಟಿನ ಗಿರಣಿಯ ಗಿರಿಜವ್ವ. ಪಾಠಶಾಲೆಯಲ್ಲಿ ಎಲ್ಲರಿಗಿಂತ ಹಳೆಯ ವಿದ್ಯಾರ್ಥಿನಿ. ಅವಳ ಮಾತಿಗೆ ಸಭೆಯೆಲ್ಲ ಗೊಲ್ಲೆಂದಿತು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾನೂ ನಕ್ಕುಬಿಟ್ಟೆ. ನಕ್ಕ ಮೇಲೆ ಗಂಟಲು ಸಡಿಲವಾಯಿತು, ಉಳಿದದ್ದನ್ನು ಖುಷಿಯಾಗಿ ಹಾಡಿದೆ.

ಮುಗಿದ ಮೇಲೆ ರಂಗಧಾಮಯ್ಯನವರು ವೇದಿಕೆ ಹತ್ತಿದರು. ಅವರ ಮುಖದಲ್ಲಿ ಸಂಕಟವಿತ್ತು. "ಅಮ್ಮ, ತಪ್ಪು ತಿಳೀಬೇಡಿ. ಎರಡು ಸಲ ತಪ್ಪಿದಿರಿ" ಎಂದರು.

"ಮೂರು ಸರ್. ಕೊನೇಲಿ ಗಾಂಧಾರ ಒಂಚೂರು ಇಳೀತು. ಅದು ನಿಮಗೆ ಗೊತ್ತಾಗ್ಲಿಲ್ಲ" ಎಂದೆ.

ಅವರು ತಬ್ಬಿಬ್ಬಾದರು. "ಆದ್ರೂ ನಮ್ಮ ತಂಬೂರಿ ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲವಲ್ಲಮ್ಮ" ಎಂದರು.

ಗಿರಿಜವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ತಲೆಗೂದಲಿನಲ್ಲಿ ಹಿಟ್ಟು ಇನ್ನೂ ಇತ್ತು. "ಅದಕ್ಕೇ ಸ್ವಾಮಿ ನಮಗೆ ಒಂದು ಸ್ವರಾನೂ ಬರಲಿಲ್ಲ! ತಪ್ಪದೇ ಇರೋದರ ಹತ್ರ ನಾವು ಕಲಿಯೋದು ಏನನ್ನ? ವರ್ಷಗಟ್ಲೆ ತಲೆ ಅಲ್ಲಾಡ್ಸಿ ಅಲ್ಲಾಡ್ಸಿ ನನ್ನ ಕತ್ತು ನೋವು ಬಂತೇ ಹೊರತು ಬಾಯಿಗೆ ಏನೂ ಬರಲಿಲ್ಲ. ಈಕೆ ಬಿದ್ದಿದ್ದನ್ನೂ ನೋಡ್ದೆ, ಎದ್ದಿದ್ದನ್ನೂ ನೋಡ್ದೆ. ಎಲ್ಲಿಂದ ಎದ್ದಳು ಅನ್ನೋದೂ ಗೊತ್ತಾಯ್ತು. ನನಗೆ ಈಕೆನೇ ಬೇಕು. ಇಲ್ಲಾಂದ್ರೆ ನಾನು ನಾಳೆಯಿಂದ ಬರಲ್ಲ." ಅವಳ ಹಿಂದೆ ಇನ್ನೂ ಹಲವರು "ನಾವೂ ಬರಲ್ಲ, ನಾವೂ ಬರಲ್ಲ" ಎಂದರು.

ಅಧ್ಯಕ್ಷರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಮುದ್ದುಕೃಷ್ಣ ತಂಬೂರಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತ. ಅವನು ಅಷ್ಟು ಜನರ ಮುಂದೆ ಬಾಯಿ ಬಿಟ್ಟದ್ದು ಅದೇ ಮೊದಲು. "ಭಾವ, ಕುರ್ಚಿ ಅವರಿಗೆ ಕೊಟ್ಬಿಡಿ. ಆ ಕುರ್ಚೀಲಿ ಕೂತು ಕೂತು ನನಗೆ ನಾಚಿಕೆ ಆಗ್ತಿತ್ತು. ಅನಂತಯ್ಯನವರು ಒಳ್ಳೇ ವಿದ್ವಾಂಸರೇ, ಆದ್ರೆ ಮೂಲೆ ಮೂಲೇಲೆಲ್ಲ ಕಸ ಬಿಡ್ತಿದ್ರು. ಅದನ್ನ ನೋಡ್ಕೊಂಡು ಸುಮ್ನೆ ಕೂರೋದು ನನಗೆ ಎಷ್ಟು ಕಷ್ಟ ಆಗ್ತಿತ್ತು ಗೊತ್ತಾ? ಆ ಪೊರಕೆ ನನಗೆ ಕೊಡಿ." ಹೇಳಿದವನೇ ಅರಿಶಿನ ಕುಂಕುಮದ ಪೊರಕೆ ಎತ್ತಿಕೊಂಡು, ಜನ ಇನ್ನೂ ಕೂತಿರುವಾಗಲೇ ವೇದಿಕೆಯ ಮೂಲೆಯಿಂದ ಗುಡಿಸಲು ಶುರು ಮಾಡಿದ. ರಂಗಧಾಮಯ್ಯನವರು ಭಾಮೈದನ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಏನಾದ್ರೂ ಮಾಡ್ಕೊಳ್ಳಿ ಮಾರಾಯ್ರೆ" ಎಂದು ಕೊಡೆ ಹುಡುಕತೊಡಗಿದರು. ಅದು ನನ್ನ ನೇಮಕಾತಿ.

ಸೋಮವಾರ ಮೊದಲ ಪಾಠ. ಪಾಠಶಾಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ಗಿರಿಜವ್ವ, ಅವಳ ಪಕ್ಕದಲ್ಲಿ, ನಂಬುತ್ತೀರೋ ಇಲ್ಲವೋ, ವೃಷಭೇಂದ್ರಪ್ಪನವರು. "ಸೀರೆಗಳಂತೂ ಮೂಕ ಆದವು. ಇನ್ನು ಗಿರಾಕಿಗೆ ನಾನೇ ಹಾಡಿ ತೋರಿಸ್ಬೇಕು, ಕಲಿಸಮ್ಮ" ಎಂದರು. ಎಲ್ಲರಿಗೂ ಷಡ್ಜ ಹಿಡಿಯಲು ಹೇಳಿದೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹಿಡಿದರು. ವೃಷಭೇಂದ್ರಪ್ಪನವರದಂತೂ ಬಸ್ಸು ಗೇರು ಬದಲಿಸಿದ ಹಾಗಿತ್ತು. ನಾನು ಹಾಡಿ ತೋರಿಸಿದೆ, ಅವರು ಮತ್ತೆ ಹಾಗೇ ಹಿಡಿದರು. ಇನ್ನೊಂದು ರೀತಿ ಹೇಳಿದೆ, ಇನ್ನೂ ಕೆಟ್ಟಿತು. ಗಿರಿಜವ್ವ ಕೈ ಎತ್ತಿ, "ಅಮ್ಮಾ, ಉಸಿರನ್ನ ಹೊಟ್ಟೇಲಿ ಹಿಡ್ಕೋಬೇಕಾ ಎದೇಲಿ ಹಿಡ್ಕೋಬೇಕಾ? ನೀವು ಬಿದ್ದಾಗ ಎಲ್ಲಿ ಹಿಡ್ಕೊಂಡಿದ್ರಿ?" ಎಂದು ಕೇಳಿದಳು. ವಿದ್ವತ್ ಪರೀಕ್ಷೆಯಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. "ನಾಳೆ ಹೇಳ್ತೀನಿ ಗಿರಿಜವ್ವ, ನಾನೂ ನೋಡ್ಕೋಬೇಕು" ಎಂದೆ. ದಾರಿಯುದ್ದಕ್ಕೂ ಉಸಿರು ಎಳೆದು ಬಿಟ್ಟು, ಕೈಯನ್ನು ಹೊಟ್ಟೆಯ ಮೇಲೊಮ್ಮೆ ಎದೆಯ ಮೇಲೊಮ್ಮೆ ಇಟ್ಟು ನೋಡಿಕೊಳ್ಳುತ್ತಾ ಮನೆಗೆ ಬಂದೆ. ಎದುರಿಗೆ ಬಂದವರು ಹುಷಾರಿಲ್ಲವೇ ಎಂದು ಕೇಳಿದರು.

ಅತ್ತೆ ತಟ್ಟೆ ಹಾಕಿಕೊಂಡು ಕಾಯುತ್ತಿದ್ದರು. "ಹೆಂಗಿದೆಯೇ ಹೊಸ ಕೆಲಸ? ನಿನ್ನ ಓದಿಗೆ ತಕ್ಕಂಗಿದೆಯಾ ಈಗಲಾದ್ರೂ?" ಎಂದರು.

"ಇಲ್ಲ ಅತ್ತೆ" ಎಂದೆ. ನನ್ನ ದನಿ ಪೂರ್ತಿ ಕೂತುಹೋಗಿತ್ತು, ಪಿಸುಮಾತಿನಲ್ಲೇ ಹೇಳಬೇಕಾಯಿತು. "ಈ ಕೆಲಸಕ್ಕೆ ನನ್ನ ಓದು ಸಾಲೋದೇ ಇಲ್ಲ."

ಹೇಳುತ್ತಿದ್ದ ಹಾಗೆ ನನಗೆ ಎಲ್ಲಿಲ್ಲದ ನಗು ಬಂತು. ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು.